ಬೈಕ್ ದಂಡ, ನಂಬರ್ ಪ್ಲೇಟ್, ಟ್ಯಾಕ್ಸ್: ಈ ಭಾನುವಾರ ವಕೀಲರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು 10ರಿಂದ 1 ಗಂಟೆವರೆಗೆ ವಕೀಲ ಮೇಡಂ ಗ್ರೂಪಿನಲ್ಲಿ ಇರ್ತಾರೆ. ಬೆಂಗಳೂರಿನ ಕೋರ್ಟುಗಳಲ್ಲಿ ಇಪ್ಪತ್ತು ವರ್ಷದಿಂದ ವಾಹನದ ಕೇಸು ನಡೆಸ್ತಿರೋರು. ಒಬ್ಬರಿಗೆ ಒಂದೇ ಪ್ರಶ್ನೆ. ಗಾಡಿ ನಂಬರ್ ಪೂರ್ತಿ ಹಾಕಬೇಡಿ.

ಬುಲೆಟ್ ಸವಾರ: ಮೇಡಂ, ಸೈಡ್ ಬ್ಯಾಗ್ ಜಾರಿ ಹಿಂದಿನ ನಂಬರ್ ಪ್ಲೇಟ್ ಮೇಲೆ ಬಿದ್ದಿತ್ತು. ಎರಡು ಅಂಕಿ ಮುಚ್ಚಿದೆ ಅಂತ 500 ರೂಪಾಯಿ ದಂಡ ಬಂದಿದೆ. ಎಚ್‌ಎಸ್‌ಆರ್‌ಪಿನೇ (ಹೈ ಸೆಕ್ಯೂರಿಟಿ ಪ್ಲೇಟ್) ಇದೆ, ನೆಟ್ಟಗೇ ಇದೆ. ಇದನ್ನ ಪ್ರಶ್ನೆ ಮಾಡಬಹುದಾ?

ವಕೀಲರು: ಮಾಡಬಹುದು. ಪ್ಲೇಟ್ ಇದ್ದರೆ ಸಾಲದು, ಓದೋ ಹಾಗೆ ಕಾಣಬೇಕು. ಮೋಟಾರು ವಾಹನ ಕಾಯ್ದೆ 41(6) ಹೇಳೋದು ಅದನ್ನೇ. ದಂಡ 177ನೇ ಸೆಕ್ಷನ್ ಕೆಳಗೆ, ಮೊದಲ ಸಲ 500ರವರೆಗೆ, ಆಮೇಲೆ 1,500ರವರೆಗೆ. ಆದರೆ ಒಂದು ಮಾತು. ನಿಮ್ಮನ್ನ ನಿಲ್ಲಿಸಿ ಬರೆದರಾ, ಕ್ಯಾಮೆರಾ ಹಿಡೀತಾ? ಕ್ಯಾಮೆರಾ ಆದರೆ, ಎರಡು ಅಂಕಿ ಮುಚ್ಚಿದ್ದಾಗ ಅದು ನಿಮ್ಮದೇ ಗಾಡಿ ಅಂತ ಗೊತ್ತಾಗಿದ್ದು ಹೇಗೆ? ಫೋಟೋ ತೆಗೆದು ನೋಡಿ. ಅಂಕಿ ಓದೋಕೆ ಆಗುತ್ತೆ ಅಂದ್ರೆ ಮುಚ್ಚಿಲ್ಲ. ಆಗಲ್ಲ ಅಂದ್ರೆ ಊಹಿಸಿ ಹಾಕಿದ್ದಾರೆ. ಎರಡರಲ್ಲೂ ನಿಮಗೆ ವಾದ ಇದೆ.

ಬುಲೆಟ್ ಸವಾರ: ನಿಲ್ಲಿಸೇ ಬರೆದಿದ್ದು ಮೇಡಂ 🙁

ವಕೀಲರು: ಹಾಗಾದರೆ ಕಟ್ಟಿ. ಬ್ಯಾಗಿಗೆ ಇನ್ನೊಂದು ಪಟ್ಟಿ ಹೊಲಿಸಿ.

ಸಿಲ್ಕ್ ಬೋರ್ಡ್ ಸಂತ್ರಸ್ತ: ದಂಡಕ್ಕೆ 50% ರಿಯಾಯಿತಿ ಮತ್ತೆ ಯಾವಾಗ ಮೇಡಂ?

ವಕೀಲರು: ನನಗೆ ಗೊತ್ತಿರೋದು ಹಿಂದಿನದು. 2023ರ ಫೆಬ್ರವರಿಯಲ್ಲಿ ಕೊಟ್ಟಿದ್ದರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಕೊಟ್ಟಿದ್ದರು. ಮುಂದಿನದು ಸರ್ಕಾರದ ಆದೇಶ ಬಂದಾಗ.

ಕನ್ನಡಾಂಬೆ ಮಗ: ನನ್ನ ಬೈಕಿಗೆ ಕನ್ನಡ ಅಂಕಿಯಲ್ಲಿ ಪ್ಲೇಟ್ ಬರೆಸಿದ್ದೀನಿ. ಅದಕ್ಕೂ ದಂಡ ಹಾಕಿದ್ರು. ಕರ್ನಾಟಕದಲ್ಲಿ ಕನ್ನಡಕ್ಕೆ ದಂಡನಾ? ಇದನ್ನ ಹೈಕೋರ್ಟಿಗೆ ಒಯ್ಯಬಹುದಾ?

ವಕೀಲರು: ಕೇಂದ್ರ ಮೋಟಾರು ವಾಹನ ನಿಯಮ 50: ಅಕ್ಷರ ಇಂಗ್ಲಿಷ್, ಅಂಕಿ 1, 2, 3. ನಿಯಮ ದೇಶಕ್ಕೆಲ್ಲ ಒಂದೇ.

ದಾವಣಗೆರೆ ಬೆಣ್ಣೆ: ಮೇಡಂ ನಮಸ್ತೆ. ನಂದು 2017ರ ಸ್ಪ್ಲೆಂಡರ್, ಕೆಎ 17. ಬೆಂಗಳೂರಲ್ಲಿ ವಿಜಯನಗರದಲ್ಲಿ ರೂಮು, ಕೆಲಸ ರಾಜಾಜಿನಗರ. ಮೊನ್ನೆ ಸುಮ್ನೆ ಚೆಕ್ ಮಾಡಿದ್ರೆ 7 ದಂಡ. ಎಲ್ಲಾ ಟಿನ್ ಫ್ಯಾಕ್ಟರಿ, ಕೆ.ಆರ್.ಪುರ ಕಡೆ. ನಾನು ಆ ಕಡೆ ಗಾಡಿ ತಗೊಂಡು ಹೋಗೇ ಇಲ್ಲ. ಹೆಲ್ಮೆಟ್ ಇಲ್ಲ ಅಂತ ಐದು, ಮೂವರು ಕೂತಿದ್ದಾರೆ ಅಂತ ಎರಡು. ಫೋಟೋದಲ್ಲಿ ಗಾಡಿ ಡಿಯೋ ಸ್ಕೂಟರ್ ಥರ ಕಾಣುತ್ತೆ, ನಂಬರ್ ಮಾತ್ರ ನಂದೇ. ಕೋರ್ಟು ಅಂತ ಅಲೆಯೋಕೆ ರಜೆ ಇಲ್ಲ. ರಿಯಾಯಿತಿ ಬಂದಾಗ ಅರ್ಧ ಕಟ್ಟಿ ಮುಗಿಸಿಬಿಡ್ಲಾ?

ವಕೀಲರು: ಬೇಡ. ಒಂದು ರೂಪಾಯಿನೂ ಕಟ್ಟಬೇಡಿ. ಮೊದಲು ಹೇಳಿ, ನಿಮ್ಮ ಗಾಡಿಗೆ ಎಚ್‌ಎಸ್‌ಆರ್‌ಪಿ ಹಾಕಿಸಿದ್ದೀರಾ?

ದಾವಣಗೆರೆ ಬೆಣ್ಣೆ: ಹ್ಞೂಂ ಮೇಡಂ, 2024ರಲ್ಲಿ ಹಾಕಿಸಿದೆ.

ವಕೀಲರು: ಒಳ್ಳೇದು. ಉಳಿದವರು ಸ್ವಲ್ಪ ತಡೀರಿ, ಇದನ್ನ ಮುಗಿಸ್ತೀನಿ.

ದಂಡ ನಿಮಗೆ ಮೂರೂವರೆ ಸಾವಿರದ ಪ್ರಶ್ನೆ ಥರ ಕಾಣ್ತಿದೆ. ನನಗೆ ಹಾಗೆ ಕಾಣ್ತಿಲ್ಲ. ನಿಮ್ಮ ನಂಬರ್ ಹಾಕ್ಕೊಂಡು ಯಾರೋ ಊರು ತಿರುಗ್ತಿದ್ದಾರೆ. ಇವತ್ತು ಹೆಲ್ಮೆಟ್ ಇಲ್ಲ. ನಾಳೆ ಯಾರಿಗೋ ಗುದ್ದಿ ಓಡಿಹೋದರೆ ಪರಿಹಾರದ ಕೇಸಿನ ನೋಟಿಸು ಬರೋದು ದಾವಣಗೆರೆಯ ನಿಮ್ಮ ಮನೆ ಬಾಗಿಲಿಗೆ. ಸರ ಕಿತ್ತರೆ ಪೊಲೀಸರು ಬರೋದೂ ಅಲ್ಲಿಗೇ. ಇಂಥದ್ದೊಂದು ಕೇಸು ನಾನೇ ನಡೆಸಿದ್ದೀನಿ. ಹುಡುಗ ಮೊದಲ ಎರಡು ದಂಡ "ಹೋಗ್ಲಿ ಬಿಡು" ಅಂತ ಕಟ್ಟಿಬಿಟ್ಟಿದ್ದ. ಮೂರನೇದು ಅಪಘಾತ. ಎದುರು ವಕೀಲರು ಮೊದಲು ತೋರಿಸಿದ್ದೇ ಆ ಎರಡು ರಶೀದಿ: "ಗಾಡಿ ಇವರದಲ್ಲದಿದ್ದರೆ ಇವನ್ನು ಯಾಕೆ ಕಟ್ಟಿದರು?" ಅದಕ್ಕೆ ಉತ್ತರ ಕೊಡೋಕೆ ನನಗೆ ಎರಡು ವರ್ಷ ಹಿಡೀತು.

ಈಗ ಮಾಡಬೇಕಾದ್ದು. ಏಳೂ ದಂಡದ ಫೋಟೋ ಇಳಿಸಿಕೊಳ್ಳಿ, ದಿನ, ಸಮಯ, ಜಾಗ ಕಾಣೋ ಹಾಗೆ. ನಿಮ್ಮ ಗಾಡಿಯನ್ನ ನಾಲ್ಕೂ ಕಡೆಯಿಂದ ತೆಗೀರಿ, ಚಾಸಿಸ್ ನಂಬರಿನ ಹತ್ತಿರದ ಫೋಟೋ ಬೇರೆ. ಎಚ್‌ಎಸ್‌ಆರ್‌ಪಿ ಎಡ ಮೂಲೆಯಲ್ಲಿ ಲೇಸರ್‌ನಲ್ಲಿ ಕೊರೆದ ಸಣ್ಣ ಸಂಖ್ಯೆ ಇರುತ್ತೆ, ಅದನ್ನೂ ತೆಗೀರಿ. ಅದು ನಿಮ್ಮ ನೋಂದಣಿಗೆ ಜೋಡಣೆ ಆಗಿರೋದು, ಪೇಂಟ್ ಅಂಗಡಿಯವನು ಬರೆದ ಪ್ಲೇಟಿಗೆ ಇರಲ್ಲ. ಆ ಏಳು ಹೊತ್ತಿನಲ್ಲಿ ನೀವು ಆಫೀಸಲ್ಲಿದ್ದರೆ ಹಾಜರಾತಿ ಪ್ರತಿ ಕೇಳಿ. ಎಲ್ಲ ಸೇರಿಸಿ ಸಂಚಾರ ಪೊಲೀಸರಿಗೆ ಬರಹದಲ್ಲಿ ಆಕ್ಷೇಪಣೆ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಕ್ಯಾಮೆರಾ ದಂಡಕ್ಕೆ ಕೇಂದ್ರ ಮೋಟಾರು ವಾಹನ ನಿಯಮ 167ಎ ಇದೆ. ಫೋಟೋದಲ್ಲಿ ಸ್ಥಳ, ದಿನ, ಹೊತ್ತು ಇರಬೇಕು, 15 ದಿನದೊಳಗೆ ನೋಟಿಸು ಕಳಿಸಬೇಕು, ಪ್ರಕರಣ ಮುಗಿಯೋವರೆಗೆ ದಾಖಲೆ ಉಳಿಸಬೇಕು. ಆ ಮೂಲ ದಾಖಲೆ ಬೇಕು ಅಂತ ಅರ್ಜಿಯಲ್ಲೇ ಬರೀರಿ.

ಇದು ಅರ್ಧ. ಇನ್ನರ್ಧ ಕಾನೂನು ಸುವ್ಯವಸ್ಥೆ ಠಾಣೆಯಲ್ಲಿ. ನಕಲಿ ಪ್ಲೇಟ್ ಅಂದ್ರೆ ಫೋರ್ಜರಿ, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 336. "ಟ್ರಾಫಿಕ್‌ನವರ ಹತ್ರ ಹೋಗಿ" ಅಂತ ಓಡಿಸ್ತಾರೆ, ಓಡಬೇಡಿ. ದೂರು ತಗೊಳ್ಳದಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4) ಪ್ರಕಾರ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗಬಹುದು. ಕೇಸು ಆಗಲೇ ವರ್ಚುವಲ್ ಕೋರ್ಟಿಗೆ (ಆನ್‌ಲೈನ್ ಕೋರ್ಟಿಗೆ) ಹೋಗಿದ್ದರೆ ಅಲ್ಲಿ ಎರಡು ಆಯ್ಕೆ, ದಂಡ ಕಟ್ಟೋದು ಅಥವಾ ಕೇಸು ನಡೆಸೋದು. ನೀವು ಎರಡನೇದನ್ನೇ ಒತ್ತಿ. ಇನ್ನು, ಮೋಟಾರು ವಾಹನ ಕಾಯ್ದೆ 133ನೇ ಸೆಕ್ಷನ್ ಅಂತ "ಗಾಡಿ ಓಡಿಸಿದ್ದು ಯಾರು" ಅನ್ನೋ ನೋಟಿಸು ಬಂದರೆ ಸುಮ್ಮನೆ ಕೂರಬೇಡಿ. ಮಾಲೀಕರು ಉತ್ತರ ಕೊಡಲೇಬೇಕು, ಸುಮ್ಮನಿದ್ದರೆ ಅದೇ ಇನ್ನೊಂದು ಅಪರಾಧ.

ಆ ಫೋಟೋಗಳನ್ನ ದೊಡ್ಡದು ಮಾಡಿ ನೋಡಿ. ಡಿಯೋ ಬಣ್ಣ, ಸ್ಟಿಕರ್, ಮುರಿದ ಕನ್ನಡಿ, ಏನೇ ಕಂಡರೂ ದೂರಿನಲ್ಲಿ ಬರೀರಿ.

ದಾವಣಗೆರೆ ಬೆಣ್ಣೆ: ಮೇಡಂ ಇಷ್ಟು ದೊಡ್ಡದು ಅಂತ ಅಂದ್ಕೊಂಡೇ ಇರ್ಲಿಲ್ಲ. ನಾಳೆ ರಜೆ ಹಾಕ್ತೀನಿ.

ವಕೀಲರು: ನಾಳೆ ಯಾಕೆ? ಠಾಣೆಗೆ ಭಾನುವಾರ ರಜೆ ಇಲ್ಲ.

ಗೆಳೆಯರ ಬಳಗ: ಎಲ್ಲರಿಗೂ ಉಪಯುಕ್ತ ಮಾಹಿತಿ 👇 ದಂಡವನ್ನು 60 ದಿನ ಕಟ್ಟದಿದ್ದರೆ ತಾನಾಗೇ ರದ್ದಾಗುತ್ತದೆ, ಇದು ಹೊಸ ಕಾನೂನು. ಆದಷ್ಟು ಶೇರ್ ಮಾಡಿ. ನಿಮ್ಮ ದಂಡ ನೋಡಲು ಈ ಫೈಲ್ ಇನ್‌ಸ್ಟಾಲ್ ಮಾಡಿಕೊಳ್ಳಿ.

ವಕೀಲರು: ಯಾರೂ ಅದನ್ನ ಮುಟ್ಟಬೇಡಿ!! ಅಡ್ಮಿನ್, ತೆಗೀರಿ ಅದನ್ನ. ಸರ್ಕಾರದ ವಾಹನ ಸೇವೆ ಪರಿವಾಹನ್ ಹೆಸರಿನಲ್ಲಿ ವಾಟ್ಸಾಪಿಗೆ ಬರೋ ಎಪಿಕೆ, ಅಂದ್ರೆ ಆ್ಯಪ್ ಹಾಕೋ ಫೈಲು ಅದು. ಒತ್ತಿದರೆ ನಿಮ್ಮ ಒಟಿಪಿ ಅವರ ಕೈಗೆ, ಬ್ಯಾಂಕ್ ಖಾಲಿ. ಯಾವ ಪೊಲೀಸರೂ ಎಪಿಕೆ ಕಳಿಸಲ್ಲ.

60 ದಿನದ ಕಥೆಗೆ: ಬರೀ ದಂಡದ ಅಪರಾಧಕ್ಕೆ ಬಿಎನ್‌ಎಸ್‌ಎಸ್ 514ರಲ್ಲಿ 6 ತಿಂಗಳ ಮಿತಿ ಇದೆ. ಅದು ಕೋರ್ಟಿನಲ್ಲಿ ನಿಂತು ಎತ್ತೋ ವಾದ. ತಾನಾಗೇ ಅಳಿಸೋ ರಬ್ಬರ್ ಅಲ್ಲ. ಈ ಮೆಸೇಜ್ ನಂಬಿ ಸುಮ್ಮನಿದ್ದವರು ಆಮೇಲೆ ಕಡತ ಹಿಡ್ಕೊಂಡು ನನ್ನ ಆಫೀಸಿಗೇ ಬರ್ತಾರೆ.

ಗೆಳೆಯರ ಬಳಗ: ನನಗೆ ಬಂದಿದ್ದನ್ನ ಹಾಕಿದೆ ಅಷ್ಟೇ ಮೇಡಂ, ಒಳ್ಳೇದಾಗ್ಲಿ ಅಂತ.

ಅಡ್ಮಿನ್: ತೆಗೆದಿದ್ದೀನಿ.

ಹುಬ್ಬಳ್ಳಿ ಹಮ್ಮೀರ: ಮೇಡಂರೀ, ನಾ ಬೈಕ್ ಮಾರಿ ಒಂದೂವರಿ ವರ್ಷ ಆತು. ತಗೊಂಡಾಂವ ಹೆಸರಿಗೆ ಮಾಡಿಸ್ಕೊಂಡಿಲ್ಲ. ಅವ ಮಾಡಿದ ದಂಡ ಎಲ್ಲಾ ನನ್ನ ಮೊಬೈಲಿಗೆ ಬರಾಕತ್ತಾವ. ಬಾಂಡ್ ಪೇಪರ್ ಐತಿ ನನ್ನ ಹತ್ರ.

ವಕೀಲರು: ಬಾಂಡ್ ಪೇಪರ್ ಆರ್‌ಟಿಒಗೆ ಗೊತ್ತಿಲ್ಲ. ಹೆಸರು ವರ್ಗಾವಣೆಯ ಫಾರಂ 29, 30 ಆಗದಿದ್ದರೆ ದಾಖಲೆಯಲ್ಲಿ ಮಾಲೀಕರು ನೀವೇ. ಅಪಘಾತ ಆದರೂ ನೀವೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆನೇ ಆರ್‌ಟಿಒಗೆ ಹೋಗಿ.

ಎಲೆಕ್ಟ್ರಿಕ್ ಎಲ್ಲಮ್ಮ: ಸ್ಕೂಟರ್ ಮಗಳ ಹೆಸರಲ್ಲಿದೆ, ಓಡಿಸಿದ್ದು ಅಳಿಯ. ದಂಡ ಯಾರು ಕಟ್ಟಬೇಕು?

ಜಯನಗರ 4ನೇ ಬ್ಲಾಕ್: ಆರ್‌ಸಿ ಮೊಬೈಲಿನಲ್ಲಿ ತೋರಿಸಿದ್ರೆ ಒಪ್ಪಲ್ಲ ಅಂತಾರೆ.

ವಕೀಲರು: ಡಿಜಿಲಾಕರ್, ಎಂಪರಿವಾಹನ್‌ನಲ್ಲಿದ್ದರೆ ಒಪ್ಪಬೇಕು. ನಿಯಮ 139. ಗ್ಯಾಲರಿಯ ಫೋಟೋ ಆದರೆ ಒಪ್ಪಬೇಕಿಲ್ಲ.

ಯಶವಂತಪುರ ಎಕ್ಸ್‌ಪ್ರೆಸ್: 50% ಮತ್ತೆ ಬರುತ್ತಾ?

ವಕೀಲರು: ಮೇಲೆ ಹೇಳಿದ್ದೀನಿ.

ಕುಂಬಳೆಯ ಕಾಕ: ಮೇಡಂ, ನಮ್ಮದು ಕಾಸರಗೋಡು, ಕೆಎಲ್ 14 ಗಾಡಿ. ನಾನು ಮಂಗಳೂರಿನಲ್ಲಿ ಕೆಲಸ ಮಾಡುದು, ದಿನಾ ಹೋಗಿ ಬರುದು. ಮೊನ್ನೆ ತಪಾಸಣೆಯವರು ನಿಲ್ಸಿ "ಕರ್ನಾಟಕದ ಟ್ಯಾಕ್ಸ್ ಎಲ್ಲುಂಟು? 30 ದಿನ ಆದ್ರೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಬೇಕು" ಅಂದ್ರು. ಬಾಯಲ್ಲಿ ಹೇಳಿದ್ದು, ಕಾಗದ ಎಂತದ್ದೂ ಕೊಡ್ಲಿಲ್ಲ. ಕೇರಳದಲ್ಲಿ ಟ್ಯಾಕ್ಸ್ ಆಗಿಯೇ ಉಂಟು ಮಾರಾಯ್ರೆ. ಎರಡೆರಡು ಸಲ ಕಟ್ಟುದಾ?

ವಕೀಲರು: ಬೆಳಗಿನಿಂದ ಕೇಳಿದ ಒಳ್ಳೇ ಪ್ರಶ್ನೆ ಇದು. 30 ದಿನಕ್ಕೇ ಟ್ಯಾಕ್ಸ್ ಅನ್ನೋ ಕರ್ನಾಟಕದ ತಿದ್ದುಪಡಿಯನ್ನು 2016ರಲ್ಲೇ ಹೈಕೋರ್ಟ್ ರದ್ದು ಮಾಡಿದೆ. ಉಳಿದಿರೋದು 12 ತಿಂಗಳ ಲೆಕ್ಕ. ಮೋಟಾರು ವಾಹನ ಕಾಯ್ದೆ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ *ಇಟ್ಟುಕೊಂಡ* ಗಾಡಿಗೆ ಹೊಸ ನಂಬರ್. ನಿಮ್ಮ ಗಾಡಿ ರಾತ್ರಿ ಎಲ್ಲಿ ಮಲಗುತ್ತೆ? ಕುಂಬಳೆಯಲ್ಲಿ. ಅದು ಕರ್ನಾಟಕದಲ್ಲಿ ಇಟ್ಟುಕೊಂಡ ಗಾಡಿ ಅಲ್ಲ, ಬಂದು ಹೋಗೋ ಗಾಡಿ.

ಸಾಬೀತು ಮಾಡೋದು ಹೇಗೆ ಅನ್ನೋದೇ ಕಷ್ಟ. ಕಾರಿನವರಿಗೆ ಟೋಲ್ ರಶೀದಿ ಇರುತ್ತೆ, ಹೆದ್ದಾರಿಯಲ್ಲಿ ಬೈಕಿಗೆ ಟೋಲೇ ಇಲ್ಲ. ಹಾಗಾಗಿ ಕೇರಳದ ವಿಳಾಸದ ಆಧಾರ್, ಕರೆಂಟ್ ಬಿಲ್, ಆ ಕಡೆ ಮಾಡಿಸಿದ ಸರ್ವೀಸ್ ಬಿಲ್ಲು, ಆ ಕಡೆಯ ಬಂಕಿನ ಪೆಟ್ರೋಲ್ ಚೀಟಿ ಜೋಪಾನ ಮಾಡಿ. ಸೀಟಿನ ಕೆಳಗೆ ಒಂದು ಜೆರಾಕ್ಸ್ ಸೆಟ್ ಇರಲಿ. ಮತ್ತೆ ನಿಲ್ಲಿಸಿದರೆ ಜಗಳ ಬೇಡ. "ಬರಹದಲ್ಲಿ ಡಿಮ್ಯಾಂಡ್ ನೋಟಿಸು ಕೊಡಿ, ಉತ್ತರ ಕೊಡ್ತೀನಿ" ಅನ್ನಿ. ಬರಹದಲ್ಲಿದ್ದರೆ ಮೇಲ್ಮನವಿ ಹಾಕಬಹುದು. ಬಾಯಿಮಾತಿನ ಮೇಲೆ ಹಾಕೋಕಾಗಲ್ಲ.

ಕುಂಬಳೆಯ ಕಾಕ: ಉಪಕಾರ ಆಯ್ತು ಮೇಡಂ. ಪೆಟ್ರೋಲ್ ಚೀಟಿ ಬಿಸಾಡ್ತಿದ್ದೆ ಇಷ್ಟು ದಿನ.

ಕನ್ನಡಾಂಬೆ ಮಗ: ಕೇರಳದ ಗಾಡಿಗೆ ಇಷ್ಟುದ್ದ ಉತ್ತರ. ಕನ್ನಡದ ನಂಬರಿಗೆ ಒಂದು ಸಾಲು. ಭೇಷ್.

ಕುಂಬಳೆಯ ಕಾಕ: ನಾವು ಮನೆಯಲ್ಲಿ ಕನ್ನಡವೇ ಮಾತಾಡುದು ಅಣ್ಣ. ಮಕ್ಕಳು ಕನ್ನಡ ಶಾಲೆಗೇ ಹೋಗುದು. ನಮ್ಮಲ್ಲಿ ಅದಕ್ಕೆ ಎಷ್ಟು ಕಷ್ಟ ಉಂಟು ಅಂತ ನಿಮಗೆ ಗೊತ್ತುಂಟಾ?

ಕನ್ನಡಾಂಬೆ ಮಗ: ನಿಮಗೆ ಹೇಳಿದ್ದಲ್ಲ ಸರ್. ನಿಯಮದ ಬಗ್ಗೆ ಹೇಳಿದ್ದು.

ಬುಲೆಟ್ ಸವಾರ: ಕನ್ನಡ ಅಂಕಿ ಹಾಕ್ಕೊಂಡ್ರೆ ಕ್ಯಾಮೆರಾ ಓದಲ್ಲ ಅಂತ ಹಾಕಿಸ್ಕೊಂಡಿದ್ದೀಯ ಅಂತ ನೀನೇ ಹೋದ ತಿಂಗಳು ಇಲ್ಲಿ ಬರೆದಿದ್ದೆ ಗುರೂ. ಈಗ ತಾಯಿ ಭಾಷೆನಾ?

ಕನ್ನಡಾಂಬೆ ಮಗ: ಅದು ತಮಾಷೆಗೆ ಹೇಳಿದ್ದು. ನಿನ್ನಂಥೋರಿಂದಲೇ ಕನ್ನಡ ಈ ಸ್ಥಿತಿಗೆ ಬಂದಿರೋದು.

ಬುಲೆಟ್ ಸವಾರ: ನಾನೇನ್ ಮಾಡ್ದೆ? ಬ್ಯಾಗ್ ಜಾರಿತ್ತು ಅಷ್ಟೇ.

ಜಯನಗರ 4ನೇ ಬ್ಲಾಕ್: ಹಳೇ ಪ್ಲೇಟ್ ಅಂಗಡಿಯವರು ಹೊಟ್ಟೆಪಾಡಿಗೆ ಏನು ಮಾಡಬೇಕು ಅಂತ ಯಾರೂ ಕೇಳಲ್ಲ ಬಿಡಿ.

ಕನ್ನಡಾಂಬೆ ಮಗ: ಮೇಡಂ, ನಿಯಮ ತಪ್ಪಾಗಿದ್ರೆ ಬದಲಾಯಿಸಬೇಕು ಅಂತ ವಕೀಲರಾದ ನಿಮಗೆ ಅನಿಸಲ್ವಾ?

ವಕೀಲರು: ಬದಲಾಯಿಸಬೇಕಾದ್ದು ಸಂಸತ್ತಿನ ಹತ್ರ, ಕೇಂದ್ರದ ಹತ್ರ. ನಿಮ್ಮ ಎಂಪಿಗೆ ಬರೀರಿ, ನಾನೂ ಸಹಿ ಹಾಕ್ತೀನಿ. ಬದಲಾಗೋವರೆಗೆ 500 ಕಟ್ಟಿ. ಎಚ್‌ಎಸ್‌ಆರ್‌ಪಿ ಪಕ್ಕದಲ್ಲಿ ಬೇರೆ ಫಲಕದ ಮೇಲೆ ಕನ್ನಡದಲ್ಲಿ ಬರೆಸಬಹುದಾ ಅಂತ ಕೇಳಬೇಡಿ, ಅದಕ್ಕೂ ಉತ್ತರ ಅದೇ.

ಹೊಸಕೋಟೆ ಹಾರನ್: 50%

ವಕೀಲರು: ಓದಿ. ಮೇಲೆ. ಓದಿ.

ಎಲೆಕ್ಟ್ರಿಕ್ ಎಲ್ಲಮ್ಮ: ನನ್ನ ಪ್ರಶ್ನೆ ಯಾರಿಗೂ ಕಾಣಲಿಲ್ಲವೇನಪ್ಪಾ.

ಹುಬ್ಬಳ್ಳಿ ಹಮ್ಮೀರ: ಮೇಡಂರೀ, ಫಾರಂ 30ಕ್ಕ ತಗೊಂಡಾಂವನ ಸಹಿ ಬೇಕಲ್ಲರೀ, ಅವ ಫೋನ ಎತ್ತಂಗಿಲ್ಲ. ಆಗ ಏನ್ ಮಾಡೂದು?

ವಕೀಲರು: 1 ಗಂಟೆ ಆಯ್ತು. ಊಟಕ್ಕೆ ಮನೆಯವರು ಕಾಯ್ತಿದ್ದಾರೆ.

ಅಡ್ಮಿನ್: ಮೇಡಂಗೆ ಧನ್ಯವಾದ. ಇನ್ನು ಪ್ರಶ್ನೆ ಬೇಡ ದಯವಿಟ್ಟು.

ದಾವಣಗೆರೆ ಬೆಣ್ಣೆ: ಮೇಡಂ ಇನ್ನೂ ಇದ್ದೀರಾ? ಫೋಟೋ ದೊಡ್ಡದು ಮಾಡಿದೆ. ಮೂವರು ಕೂತಿರೋದ್ರಲ್ಲಿ ಮುಂದಿನವನ ಮುಖ ಚೆನ್ನಾಗಿ ಕಾಣುತ್ತೆ, ಡಿಯೋ ಮುಂದುಗಡೆ ಯಾವುದೋ ಗ್ಯಾರೇಜ್ ಸ್ಟಿಕರ್ ಇದೆ. ಇಲ್ಲಿ ಹಾಕ್ತೀನಿ, ಕೆ.ಆರ್.ಪುರ ಕಡೆಯವರು ಯಾರಾದ್ರೂ ಗುರುತು ಹಿಡೀಬಹುದು.

ಬುಲೆಟ್ ಸವಾರ: ಹಾಕು ಹಾಕು. ಸಂಜೆಯೊಳಗೆ ಹುಡುಕ್ತೀವಿ.

ಹೊಸಕೋಟೆ ಹಾರನ್: ಆ ಗ್ಯಾರೇಜ್ ನನಗೆ ಗೊತ್ತಿರಬಹುದು, ಹಾಕಿ.

ವಕೀಲರು: ಹಾಕಿದ್ದರೆ ಈಗಲೇ ತೆಗೀರಿ. ಮುಂದೆ ಕೂತಿರೋ ಹುಡುಗ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವನಿರಬಹುದು, ನಂಬರ್ ನಕಲಿ ಅಂತ ಅವನಿಗೇ ಗೊತ್ತಿಲ್ಲದಿರಬಹುದು. ನೀವೆಲ್ಲ ಹೋಗಿ ಅವನಿಗೆ ಎರಡು ಬಿಟ್ಟರೆ ಕೇಸು ನಿಮ್ಮ ಮೇಲೆ. ಡಿಯೋ ರಾತ್ರೋರಾತ್ರಿ ಮಾಯ ಆದರೆ ಸಾಕ್ಷಿನೂ ಹೋಯ್ತು. ಪ್ರಿಂಟ್ ತಗೊಂಡು ಠಾಣೆಗೆ ಕೊಡಿ.

ದಾವಣಗೆರೆ ಬೆಣ್ಣೆ: ತೆಗೆದೆ ಮೇಡಂ. ಠಾಣೆ ಎದುರಿಗೇ ಜೆರಾಕ್ಸ್ ಅಂಗಡಿ ಇದೆ, ಬಾಗಿಲು ಹಾಕಿದೆ. ತೆಗೆಯೋವರೆಗೂ ಕಾಯ್ತೀನಿ.