ನ್ಯೂರಾಲಜಿ ರೆಸಿಡೆನ್ಸಿ: ಎಷ್ಟು ಕಡೆ ಅರ್ಜಿ ಹಾಕಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹುಬ್ಬಳ್ಳಿಯವನು. 2023ರಲ್ಲಿ ಎಂಬಿಬಿಎಸ್, ಇಂಟರ್ನ್‌ಶಿಪ್ ಎರಡೂ ಮುಗಿದವು. ಅಮೆರಿಕದಲ್ಲಿ ನ್ಯೂರಾಲಜಿ ರೆಸಿಡೆನ್ಸಿ, ಅಂದರೆ ಮೆದುಳು-ನರರೋಗದ ತಜ್ಞ ತರಬೇತಿ, ಮಾಡಬೇಕು ಅಂತ ಆಸೆ. ಅಲ್ಲಿನ ವೈದ್ಯಕೀಯ ಲೈಸೆನ್ಸ್ ಪರೀಕ್ಷೆಗಳಲ್ಲಿ ಸ್ಟೆಪ್ 1 ಪಾಸ್, ಸ್ಟೆಪ್ 2 ಸಿಕೆಯಲ್ಲಿ 246. ಇಂಗ್ಲಿಷ್ ಪರೀಕ್ಷೆ ಓಇಟಿ ಆಗಿದೆ. ಸ್ಟೆಪ್ 3 ಇನ್ನೂ ಬರೆದಿಲ್ಲ. ಓಹಾಯೋದಲ್ಲಿ ಎರಡು ತಿಂಗಳು ನ್ಯೂರಾಲಜಿ ಅಬ್ಸರ್ವರ್‌ಶಿಪ್ (ಜೊತೆಗಿದ್ದು ನೋಡಿ ಕಲಿಯುವುದು) ಮಾಡಿದ್ದೇನೆ, ಅಲ್ಲಿಂದ ಎರಡು ಶಿಫಾರಸು ಪತ್ರ ಸಿಕ್ಕಿವೆ. ಈ ಸೆಪ್ಟೆಂಬರ್‌ನಲ್ಲಿ ಇರಾಸ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ಸೀನಿಯರ್ ಒಬ್ಬರು 40 ಸಾಕು ಅಂತಾರೆ. ರೂಮ್‌ಮೇಟ್ 150 ಹಾಕು ಅಂತಾನೆ. ಅಪ್ಪ ಸೊಸೈಟಿಯಲ್ಲಿ ಸಾಲ ಕೇಳಿದ್ದಾರೆ. ದಯವಿಟ್ಟು ಒಂದು ನಂಬರ್ ಹೇಳಿ.

ಉತ್ತರ: ನಮಸ್ಕಾರ. ನಂಬರ್ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಫೈಲ್ ನೋಡಿದರೆ 60ರಿಂದ 70. ಆದರೆ ಆ 60 ಯಾವುವು ಅನ್ನೋದೇ ಮುಖ್ಯ. ನಿಮಗೆ ಬಾಗಿಲೇ ತೆರೆಯದ 100 ಕಡೆ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಅರ್ಜಿ ಹಾಕಿದ ವರ್ಷ ಭಯದಲ್ಲಿ 90 ಕಡೆ ಹಾಕಿದ್ದೆ. ಇಂಟರ್‌ವ್ಯೂ ಬರುತ್ತಿಲ್ಲ ಅಂತ ಡಿಸೆಂಬರ್‌ನಲ್ಲಿ ಕೂತು ಒಂದೊಂದೇ ವೆಬ್‌ಸೈಟ್ ತೆಗೆದು ನೋಡಿದೆ. 20ಕ್ಕೂ ಜಾಸ್ತಿ ಕಡೆ ವೀಸಾನೇ ಕೊಡುತ್ತಿರಲಿಲ್ಲ. ನನ್ನ ಅಣ್ಣ ಓವರ್‌ಟೈಮ್ ಮಾಡಿ ಕಳಿಸಿದ ದುಡ್ಡು ಅದು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಆ ಕೆಲಸವನ್ನು ನೀವು ಆಗಸ್ಟ್‌ನಲ್ಲೇ ಮುಗಿಸಿ.

ಒಂದು ಎಕ್ಸೆಲ್ ಹಾಳೆ ತೆಗೆಯಿರಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನವರ ಫ್ರೀಡಾ ಅನ್ನೋ ಪಟ್ಟಿಯಲ್ಲಿ ಎಲ್ಲ ನ್ಯೂರಾಲಜಿ ಪ್ರೋಗ್ರಾಂಗಳೂ ಸಿಗುತ್ತವೆ, 150ಕ್ಕೂ ಹೆಚ್ಚಿವೆ. ಮೊದಲು ವೀಸಾ ನೋಡಿ. ಸ್ಟೆಪ್ 3 ಇಲ್ಲದೆ ಎಚ್-1ಬಿ ಅನ್ನೋ ಕೆಲಸದ ವೀಸಾ ಆಗುವುದಿಲ್ಲ, ಹಾಗಾಗಿ ನಿಮಗೆ ಜೆ-1 ಅನ್ನೋ ತರಬೇತಿ ವೀಸಾ ಕೊಡುವವರು ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಲ್ಲಿರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಬಂತಲ್ಲ, ಅದಾದ ಮೇಲಂತೂ ಜೆ-1 ಕಡೆಗೇ ಗಮನ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ಆಮೇಲೆ, ಡಿಗ್ರಿ ಮುಗಿದು ಎಷ್ಟು ವರ್ಷದೊಳಗಿನವರನ್ನು ತೆಗೆದುಕೊಳ್ಳುತ್ತಾರೆ ಅಂತ ನೋಡಿ. ಕೆಲವರು ಮೂರು ವರ್ಷ ಅಂತಾರೆ, ಕೆಲವರು ಐದು, ಕೆಲವರು ಕೇಳುವುದೇ ಇಲ್ಲ. ಕೊನೆಗೆ, ಈಗಿರುವ ರೆಸಿಡೆಂಟ್‌ಗಳ ಫೋಟೋ ಇರುವ ಪುಟ ತೆಗೆಯಿರಿ. ಹೊರದೇಶದಲ್ಲಿ ಓದಿದವರು ಮೂರು ಬ್ಯಾಚ್‌ನಲ್ಲಿ ಒಬ್ಬರೂ ಇಲ್ಲ ಅಂದರೆ ಆ ಸಾಲನ್ನು ಅಳಿಸಿ. ನ್ಯೂರಾಲಜಿಯಲ್ಲಿ ಹೊರಗಿನವರಿಗೆ ಜಾಗ ಕೊಡುವ ಕಡೆಗಳು ಸಾಕಷ್ಟಿವೆ, ಆ ಒಂದಕ್ಕಾಗಿ ಕೊರಗಬೇಡಿ.

ಇನ್ನು ದುಡ್ಡಿನ ವಿಷಯ. 2024-25ರ ಸೀಸನ್‌ನಲ್ಲಿ ಇರಾಸ್ ದರ ಬದಲಾಯಿತು. ಒಂದು ವಿಭಾಗದಲ್ಲಿ ಮೊದಲ 30 ಅರ್ಜಿಗೆ ತಲಾ 11 ಡಾಲರ್, 31ನೆಯದರಿಂದ ತಲಾ 30. ಅಂದರೆ 30 ಕಡೆಗೆ 330 ಡಾಲರ್. 70 ಕಡೆಗೆ 1,530. ನಿಮ್ಮ ರೂಮ್‌ಮೇಟ್ ಹೇಳಿದ 150ಕ್ಕೆ 3,930. ಹಾಕುವ ಮುಂಚೆ ಈ ವರ್ಷದ ದರ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಮೇಡಂ, ಕೆಲವು ಕಡೆ ಕ್ಯಾಟಗಾರಿಕಲ್, ಕೆಲವು ಕಡೆ ಅಡ್ವಾನ್ಸ್ಡ್ ಅಂತ ಇದೆ. ಎರಡೂ ಒಂದೇ ಲೆಕ್ಕಕ್ಕೆ ಬರುತ್ತಾ?

ಉತ್ತರ: ಒಳ್ಳೆಯದಾಯಿತು ಕೇಳಿದ್ದು. ಬರಲ್ಲ. ಎಡವುವವರು ಜಾಸ್ತಿ ಇಲ್ಲೇ.

ನಮ್ಮಲ್ಲಿ ನ್ಯೂರಾಲಜಿ ಅಂದರೆ ಎಂಡಿ ಮುಗಿಸಿ ಆಮೇಲೆ ಡಿಎಂ. ಇಲ್ಲಿ ಅಮೆರಿಕದಲ್ಲಿ ನೇರವಾಗಿ ನಾಲ್ಕು ವರ್ಷ. ಮೊದಲ ವರ್ಷ ಹೆಚ್ಚಾಗಿ ಇಂಟರ್ನಲ್ ಮೆಡಿಸಿನ್, ಮುಂದಿನ ಮೂರು ವರ್ಷ ನ್ಯೂರಾಲಜಿ. ಕ್ಯಾಟಗಾರಿಕಲ್ ಅಂದರೆ ನಾಲ್ಕೂ ವರ್ಷ ಒಂದೇ ಕಡೆ. ಅಡ್ವಾನ್ಸ್ಡ್ ಅಂದರೆ ಅವರು ನಿಮ್ಮನ್ನು ಎರಡನೇ ವರ್ಷದಿಂದ ಮಾತ್ರ ತೆಗೆದುಕೊಳ್ಳುತ್ತಾರೆ. ಮೊದಲ ವರ್ಷ, ಅಂದರೆ ಪ್ರಿಲಿಮ್, ನೀವೇ ಬೇರೆ ಅರ್ಜಿ ಹಾಕಿ ಹುಡುಕಿಕೊಳ್ಳಬೇಕು. ಅದಕ್ಕೆ ಬೇರೆ ಫೀಸು, ಬೇರೆ ಇಂಟರ್‌ವ್ಯೂ, ಮ್ಯಾಚ್‌ನಲ್ಲಿ, ಅಂದರೆ ಅಭ್ಯರ್ಥಿಗಳ ಮತ್ತು ಪ್ರೋಗ್ರಾಂಗಳ ಆಯ್ಕೆಪಟ್ಟಿ ಹೊಂದಿಸಿ ಸೀಟು ಹಂಚುವಲ್ಲಿ, ಬೇರೆ ಪಟ್ಟಿ.

ನನ್ನ ಜೂನಿಯರ್ ಒಬ್ಬಳಿಗೆ ಅಡ್ವಾನ್ಸ್ಡ್ ಸೀಟು ಸಿಕ್ಕಿತು. ಪ್ರಿಲಿಮ್‌ಗೆ ಬರೀ ನಾಲ್ಕು ಕಡೆ ಹಾಕಿದ್ದಳು, ಒಂದೂ ಸಿಗಲಿಲ್ಲ. ಮಾರ್ಚ್‌ನ ಮ್ಯಾಚ್ ವಾರದಲ್ಲಿ ಎಲ್ಲರೂ ಸಿಹಿ ಹಂಚುವಾಗ ಅವಳು ಸೋಪ್‌ನಲ್ಲಿ, ಅಂದರೆ ಉಳಿದ ಸೀಟುಗಳ ಸುತ್ತಿನಲ್ಲಿ, ಪ್ರಿಲಿಮ್ ಹುಡುಕುತ್ತಾ ಕೂತಿದ್ದಳು. ಗುರುವಾರ ಸಿಕ್ಕಿತು. ಅಲ್ಲಿಯವರೆಗೆ ಸರಿಯಾಗಿ ಊಟ ಮಾಡಿರಲಿಲ್ಲ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಇದ್ದರೆ, ಜೆ-1 ಕೊಡುವ ಪ್ರಿಲಿಮ್ 15-20 ಸೇರಿಸಿ. ಪ್ರಿಲಿಮ್ ಇಂಟರ್ನಲ್ ಮೆಡಿಸಿನ್ ಲೆಕ್ಕಕ್ಕೆ ಹೋಗುವುದರಿಂದ ಅಲ್ಲೂ ತಲಾ 11 ಡಾಲರ್ ದರವೇ. ಕೆಲವು ಅಡ್ವಾನ್ಸ್ಡ್ ಕಡೆ ಅದೇ ಆಸ್ಪತ್ರೆಯಲ್ಲೇ ಮೊದಲ ವರ್ಷಕ್ಕೂ ಜಾಗ ಇಟ್ಟಿರುತ್ತಾರೆ. ಮೇಲ್ ಹಾಕಿ ಕೇಳಿ, ಕೋಆರ್ಡಿನೇಟರ್‌ಗಳು ಉತ್ತರ ಕೊಡುತ್ತಾರೆ.

ಇನ್ನೊಬ್ಬರ ಪ್ರಶ್ನೆ: ನಾನು ಡಾಕ್ಟರ್ ಅಲ್ಲ, ದಾವಣಗೆರೆಯಲ್ಲಿ ಅಂಗಡಿ ಇದೆ. ಮಗಳೂ ಈ ವರ್ಷ ಇದಕ್ಕೇ ಹಾಕುತ್ತಿದ್ದಾಳೆ. ಕನ್ಸಲ್ಟೆನ್ಸಿಯವರು ಇರುವ ಎಲ್ಲ ಪ್ರೋಗ್ರಾಂಗೂ ಹಾಕಿಸಿ, ಆಗ ಖಂಡಿತ ಸಿಗುತ್ತೆ ಅಂತಾರೆ. ದುಡ್ಡು ಹೋದರೆ ಹೋಗಲಿ, ಹಾಕಿಸಿಬಿಡಲಾ ಮೇಡಂ?

ಉತ್ತರ: ಬೇಡ ಸರ್. ಖಂಡಿತ ಅನ್ನೋ ಮಾತು ಇಲ್ಲಿ ಯಾರೂ ಹೇಳುವ ಹಾಗಿಲ್ಲ. ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಅಷ್ಟು ಕಡೆ ಹಾಕಿದರೆ ಮಗಳಿಗೆ ಒಂದನ್ನೂ ಸರಿಯಾಗಿ ಓದಿಕೊಳ್ಳಲು ಆಗುವುದಿಲ್ಲ.

ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ನಮ್ಮ ಆಸ್ಪತ್ರೆಯಲ್ಲಿ ಅರ್ಜಿ ಓದುವವರಲ್ಲಿ ನಾನೂ ಒಬ್ಬಳು. ಸೆಪ್ಟೆಂಬರ್ ಕೊನೆಯಲ್ಲಿ ಎಲ್ಲ ಅರ್ಜಿಯೂ ಒಂದೇ ದಿನ ತೆರೆದುಕೊಳ್ಳುತ್ತವೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದುತ್ತೇನೆ. 'ಮೆದುಳಿನ ರಹಸ್ಯ ನನ್ನನ್ನು ಚಿಕ್ಕಂದಿನಿಂದ ಸೆಳೆದಿದೆ' ಅಂತ ಶುರುವಾಗುವ ಪತ್ರಗಳೇ ಸಾಲುಸಾಲು. ಒಂದರಲ್ಲಿ ನಮ್ಮ ಆಸ್ಪತ್ರೆ ಬದಲು ಇನ್ಯಾವುದೋ ಆಸ್ಪತ್ರೆಯ ಹೆಸರು ಹಾಗೇ ಉಳಿದಿತ್ತು. ಅಂಕ ಚೆನ್ನಾಗಿತ್ತು, ಆದರೂ ಮುಂದೆ ಹೋಗಲಿಲ್ಲ.

ಕಳೆದ ವರ್ಷ ನಮ್ಮ ಕಡೆಯ ಹುಡುಗಿಯೊಬ್ಬಳ ಪತ್ರ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಂಟರ್ನ್ ಆಗಿದ್ದಾಗ ಲಕ್ವ ಹೊಡೆದ ಅಜ್ಜಿಯನ್ನು ಕರೆತಂದಿದ್ದರು. ರಕ್ತದ ಗಡ್ಡೆ ಕರಗಿಸುವ ಔಷಧಿ ಕೊಡಲು ನಾಲ್ಕೂವರೆ ಗಂಟೆಯ ಒಳಗೆ ಬಂದಿರಬೇಕು. ಅಜ್ಜಿ ಕೊನೆಗೆ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ ಅಂತ ಕೇಳಿದರೆ ಮನೆಯವರಿಗೆ ಗೊತ್ತಿಲ್ಲ. ಆಗ ಇವಳು 'ಹಾಲು ಕರೆಯುವ ಮುಂಚೆಯೋ, ಆಮೇಲೋ?' ಅಂತ ಕೇಳಿದಳಂತೆ. ಸೊಸೆ ತಕ್ಷಣ ಹೇಳಿದಳು: 'ಡೈರಿಗೆ ಹಾಕಿ ಬಂದಾಗ ನನ್ನ ಹತ್ರ ಚೀಟಿ ಕೇಳಿದ್ರು.' ಡೈರಿ ಚೀಟಿಯಲ್ಲಿ ಸಮಯ ಇತ್ತು. ನಾನು ಆ ಪತ್ರವನ್ನು ಎರಡು ಸಲ ಓದಿದೆ. ಇಂಟರ್‌ವ್ಯೂಗೆ ಕರೆಯಲೇಬೇಕು ಅಂತ ಪಟ್ಟು ಹಿಡಿದೆ, ಕರೆದೆವು. ಮಗಳಿಗೆ ಇಂಥ ಒಂದು ಪುಟ ಬರೆಯಲು ಸಮಯ ಕೊಡಿ ಸರ್.

ಪ್ರಶ್ನೆ: ಬ್ಯಾಕಪ್ ಅಂತ ಇಂಟರ್ನಲ್ ಮೆಡಿಸಿನ್‌ಗೂ ಹಾಕಬಹುದಾ?

ಉತ್ತರ: ಅದನ್ನು ಖುಷಿಯಿಂದ ಮಾಡುತ್ತೀರಿ ಅಂದರೆ ಹಾಕಿ. ಪತ್ರ ಬೇರೆ ಬರೆಯಬೇಕು, ಮೆಡಿಸಿನ್‌ನವರ ಶಿಫಾರಸು ಬೇಕು. ಮ್ಯಾಚ್ ಫಲಿತಾಂಶ ಒಪ್ಪಂದದ ಹಾಗೆ, ಸಿಕ್ಕಿದ್ದಕ್ಕೆ ಹೋಗಲೇಬೇಕು.

ಪ್ರಶ್ನೆ (ಹತ್ತು ದಿನದ ನಂತರ): ಮೇಡಂ, ನಾನು ಹುಬ್ಬಳ್ಳಿಯವನು. ನೀವು ಹೇಳಿದ ಹಾಗೆ ಎಲ್ಲ ಜಾಲಿಸಿದ ಮೇಲೆ 63 ಉಳಿದವು. ಅದರಲ್ಲಿ 9 ಅಡ್ವಾನ್ಸ್ಡ್. ನಾಲ್ಕು ಕಡೆ ಮೇಲ್ ಹಾಕಿದೆ, ಎರಡು ಕಡೆ ಮೊದಲ ವರ್ಷವೂ ಇಲ್ಲೇ ಆಗುತ್ತೆ ಅಂದರು. 'ನಿಮ್ಮಲ್ಲಿ ವಿಶೇಷ ಆಸಕ್ತಿ ಇದೆ' ಅಂತ ಅರ್ಜಿಯಲ್ಲಿ ತಿಳಿಸುವ ಸಿಗ್ನಲ್ ಎಲ್ಲಿಗೆ ಕೊಡಲಿ?

ಉತ್ತರ: ತುಂಬಾ ಖುಷಿಯಾಯಿತು. 63 ಸಾಕು, ಇನ್ನು ಸೇರಿಸಬೇಡಿ. 1,320 ಡಾಲರ್ ಆಗುತ್ತದೆ, ಪ್ರಿಲಿಮ್ 15ಕ್ಕೆ ಇನ್ನೊಂದು 165. ಅಪ್ಪನಿಗೆ ಇವತ್ತೇ ಹೇಳಿ, ಸಾಲ ಅಷ್ಟಕ್ಕೆ ತಕ್ಕ ಹಾಗೆ ತೆಗೆಯಲಿ.

ಸಿಗ್ನಲ್ ಸಿಗುವುದು ಬೆರಳೆಣಿಕೆಯಷ್ಟು. ನೀವು ಕೆಲಸ ಮಾಡಿದ ಓಹಾಯೋದ ಆಸ್ಪತ್ರೆಗೆ ಮೊದಲು ಕೊಡಿ. ಅವರಿಗೆ ಹೇಗೂ ಗೊತ್ತು ಅಂತ ಬಿಡಬೇಡಿ. ಉಳಿದವನ್ನು ಜೆ-1 ರೆಸಿಡೆಂಟ್‌ಗಳು ಈಗಲೂ ಇರುವ ಮಧ್ಯಮ ಗಾತ್ರದ ಕಡೆಗಳಿಗೆ ಇಡಿ. ದೊಡ್ಡ ಹೆಸರಿನ ಕಡೆ ಒಂದೇ ಒಂದು ಸಾಕು. ಪ್ರದೇಶದ ಆಯ್ಕೆಯೂ ಕೇಳುತ್ತಾರೆ, ಒಂಬತ್ತರಲ್ಲಿ ಮೂರು. ಓಹಾಯೋ ಇರುವ ಭಾಗವನ್ನು ಅದರಲ್ಲಿ ಸೇರಿಸಿ, ಯಾಕೆ ಅಂತ ಎರಡು ಸಾಲು ನಿಜ ಬರೆಯಿರಿ. ಹತ್ತು ಹನ್ನೆರಡು ಇಂಟರ್‌ವ್ಯೂ ಬಂದರೆ ಧೈರ್ಯವಾಗಿರಿ. ಮೂರೋ ನಾಲ್ಕೋ ಬಂದರೆ ನವೆಂಬರ್‌ನಲ್ಲೇ ನನಗೆ ಬರೆಯಿರಿ, ಆಗ ಮಾಡುವ ಕೆಲಸ ಬೇರೆ ಇದೆ.

ನಿಮ್ಮ ಪತ್ರ ಬರೆದಾದ ಮೇಲೆ ಕಳಿಸಿ. ಓದುತ್ತೇನೆ.