ದೊಡ್ಡ ಎಚ್, ಸಣ್ಣ ಎಚ್: ಹಿಸ್ಟರಿಗೆ ಕನ್ನಡದಲ್ಲಿ ಎರಡು ಪದ ಬೇಕಾಗಿವೆ

ಎಲ್ಲರಿಗೂ ನಮಸ್ಕಾರ. ಹೆಂಗಸರ ಇತಿಹಾಸ ಬರೆದ ಗೆರ್ಡಾ ಲರ್ನರ್ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಪರಿಚಯ ಬರೆಯಲು ಕೂತಿದ್ದೇನೆ. ಮೂರು ದಿನದಿಂದ ಒಂದೇ ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಹೆಸರು ಕೇಳದವರಿಗಾಗಿ ಎರಡು ಮಾತು. ಲರ್ನರ್ ಹುಟ್ಟಿದ್ದು 1920ರಲ್ಲಿ, ವಿಯೆನ್ನಾದ ಒಂದು ಯಹೂದಿ ಮನೆಯಲ್ಲಿ. 1938ರಲ್ಲಿ ಆಸ್ಟ್ರಿಯಾ ನಾಜಿಗಳ ಕೈಸೇರಿದಾಗ ಆರು ವಾರ ಜೈಲಿನಲ್ಲಿದ್ದರು. ಮರುವರ್ಷ ಅಮೆರಿಕಕ್ಕೆ ಹೋದರು. ಮದುವೆ, ಮಕ್ಕಳು, ಒಂದು ಕಾದಂಬರಿ ಎಲ್ಲ ಆದಮೇಲೆ ಕಾಲೇಜು. ಬಿಎ ಮುಗಿದಾಗ ವಯಸ್ಸು 43! ಅದೇ 1963ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ನ್ಯೂಯಾರ್ಕಿನ ನ್ಯೂ ಸ್ಕೂಲ್‌ನಲ್ಲಿ ಮಹಿಳೆಯರ ಇತಿಹಾಸದ ಪಾಠ ಮಾಡಿದರು. ಗುಲಾಮಗಿರಿಯ ವಿರುದ್ಧ ಮಾತಾಡಿದ ಗ್ರಿಮ್ಕೆ ಅಕ್ಕತಂಗಿಯರ ಮೇಲೆ ಕೊಲಂಬಿಯಾದಲ್ಲಿ ಪಿಎಚ್‌ಡಿ ಮಾಡಿದರು. 1972ರಲ್ಲಿ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಮಹಿಳೆಯರ ಇತಿಹಾಸಕ್ಕೆಂದೇ ಎಂಎ ಶುರುಮಾಡಿದರು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ತೀರಿಕೊಂಡಿದ್ದು 2013ರಲ್ಲಿ.

ಈಗ ನನ್ನ ಗೋಳು. 1986ರಲ್ಲಿ ಬಂದ 'ದಿ ಕ್ರಿಯೇಶನ್ ಆಫ್ ಪೇಟ್ರಿಯಾರ್ಕಿ' (ಅಂದರೆ ಪಿತೃಪ್ರಧಾನ ವ್ಯವಸ್ಥೆಯ ಹುಟ್ಟು) ಪುಸ್ತಕದ ಶುರುವಿನಲ್ಲೇ ಲರ್ನರ್ ಎರಡು ಹಿಸ್ಟರಿಗಳನ್ನು ಬೇರೆ ಮಾಡುತ್ತಾರೆ. ಸಣ್ಣ ಎಚ್ ಹಾಕಿ ಬರೆದರೆ ಹಿಂದೆ ನಡೆದದ್ದೆಲ್ಲ. ದೊಡ್ಡ ಎಚ್ ಹಾಕಿದರೆ ಅದರಲ್ಲಿ ಆರಿಸಿ, ದಾಖಲಿಸಿ, ಅರ್ಥ ಹಚ್ಚಿ ಇಟ್ಟದ್ದು. ಮೊದಲನೆಯದರಲ್ಲಿ ಗಂಡಸರಷ್ಟೇ ಹೆಂಗಸರೂ ಇದ್ದಾರೆ. ಎರಡನೆಯದನ್ನು ಬರೆದವರು ಗಂಡಸರು, ತಮಗೆ ಮುಖ್ಯ ಅನ್ನಿಸಿದ್ದನ್ನು ಬರೆದರು. ಇಡೀ ವಾದ ನಿಂತಿರುವುದು ಈ ಒಂದು ಅಕ್ಷರದ ಮೇಲೆ.

ನಮಗೋ, ದೊಡ್ಡಕ್ಷರವೇ ಇಲ್ಲ. ದಪ್ಪ ಅಚ್ಚಿನಲ್ಲಿ ಹಾಕಿಸಬಹುದು, ಆದರೆ ಯಾರಾದರೂ ಜೋರಾಗಿ ಓದಿದರೆ? (ಇಂಗ್ಲಿಷಿನಲ್ಲೂ ಕಿವಿಗೆ ಗೊತ್ತಾಗಲ್ಲ, ಬಿಡಿ.)

ನಮ್ಮ ಕೈಯಲ್ಲಿರುವುದು ಎರಡು ಪದ, ಇತಿಹಾಸ ಮತ್ತು ಚರಿತ್ರೆ. ಶಾಲೆಯಲ್ಲಿ ಎರಡನ್ನೂ ಒಂದೇ ಅಂತ ಕಲಿತೆವು, ಅಲ್ವಾ? ಬಿಡಿಸಿ ನೋಡಿದರೆ ಬೇರೆಬೇರೆ. ಇತಿ, ಹ, ಆಸ: 'ಹೀಗೆಯೇ ಇತ್ತು'. ಅಂದರೆ ಯಾರೋ ಒಬ್ಬರು ಹೇಳುತ್ತಿರುವ ಮಾತು. ಹೇಳುವವರಿಲ್ಲದೆ ಇತಿಹಾಸವಿಲ್ಲ. ಚರಿತ್ರೆ ಬಂದದ್ದು ಚರ್ ಧಾತುವಿನಿಂದ, ನಡೆ ಅನ್ನುವ ಅರ್ಥ. ಕನ್ನಡದಲ್ಲೂ ಹಾಗೇ, ನಡೆ, ನಡತೆ, ನಡೆದದ್ದು ಇವು ತಮ್ಮತಮ್ಮಲ್ಲಿ ಒಂದೇ ಬಳ್ಳಿಯವು. ಹಾಗಾಗಿ ದೊಡ್ಡ ಎಚ್‌ಗೆ ಇತಿಹಾಸ, ಸಣ್ಣ ಎಚ್‌ಗೆ ಚರಿತ್ರೆ ಅಂತ ಗೊತ್ತುಮಾಡಿಕೊಂಡು ಖುಷಿಯಾಗಿ ಮಲಗಿದೆ.

ಬೆಳಿಗ್ಗೆ ಎದ್ದು ಓದಿದರೆ ನಗು ಬಂತು. 'ಹೆಂಗಸರ ಚರಿತ್ರೆ ಗಂಡಸರಿಗೆ ತಿಳಿಯಲಿಲ್ಲ' ಅಂತ ಬರೆದಿದ್ದೆ. 'ಅವಳ ಚರಿತ್ರೆ ನಂಗೊತ್ತಿಲ್ವಾ' ಅಂತ ಜಗಲಿಯಲ್ಲಿ ಕೂತು ಹೇಳುವ ಚರಿತ್ರೆಯ ಹಾಗೆ ಕೇಳಿಸಿತು. ಪಕ್ಕದಲ್ಲೇ ಚಾರಿತ್ರ್ಯ ಬೇರೆ ಇದೆ. ಗಂಡಸಿನ ಪಕ್ಕ ನಿಂತರೆ ಚರಿತ್ರೆ ದಂಡಯಾತ್ರೆ, ಹೆಣ್ಣಿನ ಪಕ್ಕ ನಿಂತರೆ ನಡತೆಯ ಪ್ರಮಾಣಪತ್ರ. ಲರ್ನರ್ ಬಗ್ಗೆ ಬರೆಯುವಾಗ ಈ ಪದ ಬೇಡ ಅನ್ನಿಸಿತು. ಅಚ್ಚಕನ್ನಡದವರ 'ಹಿನ್ನಡವಳಿ' ಚೆನ್ನಾಗಿದೆ, ಆದರೆ ಅದನ್ನೂ ಅವರು ದೊಡ್ಡ ಎಚ್‌ಗೇ ಬಳಸುತ್ತಾರೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: 'ನಡೆದದ್ದರಲ್ಲಿ ಹೆಂಗಸರಿದ್ದರು, ಇತಿಹಾಸದಲ್ಲಿ ಇಲ್ಲ.' ಓದಲು ಹಗುರ. ಆದರೆ ಇದನ್ನೇ ಪಾರಿಭಾಷಿಕ ಪದದ ಹಾಗೆ ಹತ್ತು ಕಡೆ ಬಳಸಿದರೆ ನಿಲ್ಲುತ್ತದಾ? 'ನಡೆದದ್ದಿನ' ಅನ್ನಬೇಕೋ 'ನಡೆದದ್ದರ' ಅನ್ನಬೇಕೋ ಅನ್ನುವ ಜಗಳವೂ ಬರುತ್ತದೆ.

ಇನ್ನೊಂದು ಸಣ್ಣದು. ಹೆಣ್ಣಿನ ಹಕ್ಕು ಬೇರೆ, ಎಮಾನ್ಸಿಪೇಶನ್ ಬೇರೆ ಅನ್ನುತ್ತಾರೆ ಲರ್ನರ್. ಹಕ್ಕು ಅಂದರೆ ಈಗಿರುವ ವ್ಯವಸ್ಥೆಯೊಳಗೆ ಗಂಡಸಿಗೆ ಸಮಸಮನಾದ ಪಾಲು. ಎರಡನೆಯದು ಕಟ್ಟುಗಳಿಂದಲೇ ಹೊರಬಂದು ತನ್ನ ಬದುಕನ್ನು ತಾನೇ ತೀರ್ಮಾನಿಸುವುದು. 'ವಿಮೋಚನೆ' ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸೆಪ್ಟೆಂಬರ್ 17 ನೆನಪಾಗುತ್ತದೆ. 'ಬಿಡುಗಡೆ' ಅಂದರೆ ಶುಕ್ರವಾರದ ಸಿನಿಮಾ. ಆದರೂ ನನ್ನ ಒಲವು ಬಿಡುಗಡೆ ಕಡೆಗೆ. ಜೈಲು ಕಂಡವರಿಗೆ ಆ ಪದ ಒಪ್ಪುತ್ತದೆ.

ಕೊನೆಗೆ, ಲರ್ನರ್ ಅವರನ್ನು ಏನೆಂದು ಕರೆಯಲಿ? 'ಮಹಿಳಾ ಇತಿಹಾಸಕಾರರು' ಅಂದರೆ ಇತಿಹಾಸ ಬರೆಯುವ ಹೆಂಗಸೋ, ಹೆಂಗಸರ ಇತಿಹಾಸ ಬರೆಯುವವರೋ? ಇವರು ಎರಡೂ. ಕಥೆಗಾರ್ತಿ, ಹಾಡುಗಾರ್ತಿ ಇದ್ದ ಮೇಲೆ 'ಇತಿಹಾಸಗಾರ್ತಿ' ಯಾಕಾಗಬಾರದು? ನನ್ನ ಕಂಪ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತಿದೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಹೇಳಿ.