ಸಿಸ್‌ರೆಟ್ ಇರುವಾಗಲೂ ಲಿನಕ್ಸ್ ಕರ್ನಲ್ ಐರೆಟ್‌ಗೆ ಹೊರಳುವುದೇಕೆ?

ಪ್ರಶ್ನೆ (ಬಸವನಗುಡಿಯ ವಿದ್ಯಾರ್ಥಿ)
ನಮಸ್ಕಾರ. ಬೆಂಗಳೂರಿನ ಕಾಲೇಜೊಂದರಲ್ಲಿ ಆಪರೇಟಿಂಗ್ ಸಿಸ್ಟಂ ಓದುತ್ತಿರುವ ನಾನು, 64 ಬಿಟ್ ಇಂಟೆಲ್ ಯಂತ್ರದಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸಿಸ್ಟಂ ಕಾಲ್‌ನಿಂದ, ಅಂದರೆ ಪ್ರೋಗ್ರಾಂ ಕೇಳಿದ ಸೇವೆ ಮುಗಿಸಿ, ಮರಳುವ ಅಸೆಂಬ್ಲಿ ಭಾಗವನ್ನು ನೋಡುತ್ತಿದ್ದೇನೆ. ಪ್ರೋಗ್ರಾಂಗೆ ವೇಗವಾಗಿ ಹಿಂದಿರುಗಿಸುವ ಸಿಸ್‌ರೆಟ್ ಎಂಬ ಪ್ರೊಸೆಸರ್ ಸೂಚನೆಗೆ ಮೊದಲು ಕರ್ನಲ್ ಹಲವು ಪರೀಕ್ಷೆಗಳನ್ನು ನಡೆಸಿ, ಒಂದು ತಪ್ಪಿದರೂ ಅದೇ ಕೆಲಸ ಮಾಡುವ ನಿಧಾನದ ಐರೆಟ್ ಸೂಚನೆಯನ್ನು ಹಿಡಿಯುತ್ತದೆ. ವೇಗಕ್ಕೆಂದೇ ಮಾಡಿದ ದಾರಿಯಲ್ಲಿ ಇಷ್ಟು ತಪಾಸಣೆ ಏಕೆ?

ಮಲ್ಲೇಶ್ವರದ ಓದುಗ
ಐರೆಟ್ ಮರಳುವ ವಿಳಾಸ, ಕೋಡ್ ಸೆಗ್ಮೆಂಟ್, ಫ್ಲ್ಯಾಗ್, ಸ್ಟ್ಯಾಕ್ ಪಾಯಿಂಟರ್ (ಸ್ಟ್ಯಾಕ್ ಎಂಬ ಮೆಮೊರಿ ಭಾಗದ ತುದಿಯ ವಿಳಾಸ), ಸ್ಟ್ಯಾಕ್ ಸೆಗ್ಮೆಂಟ್ ಎಂಬ 5 ಮೌಲ್ಯಗಳನ್ನು ಸ್ಟ್ಯಾಕ್‌ನಿಂದ ತೆಗೆದು, ಸೆಗ್ಮೆಂಟ್‌ಗಳನ್ನು ಪರಿಶೀಲಿಸಿದ ಮೇಲೆಯೇ ಹಿಂದಿರುಗುತ್ತದೆ. ಸಿಸ್‌ರೆಟ್‌ಗೆ ಆ ಗೊಡವೆಯಿಲ್ಲ: ವಿಳಾಸವನ್ನು ಆರ್‌ಸಿಎಕ್ಸ್ ರಿಜಿಸ್ಟರ್‌ನಿಂದ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ), ಫ್ಲ್ಯಾಗ್‌ಗಳನ್ನು ಆರ್11 ರಿಜಿಸ್ಟರ್‌ನಿಂದ ಎತ್ತಿಕೊಂಡು ಹೊರಟುಬಿಡುತ್ತದೆ, ಸ್ಟ್ಯಾಕ್ ಪಾಯಿಂಟರನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಬಳಕೆದಾರನ ಸ್ಟ್ಯಾಕ್ ಪಾಯಿಂಟರನ್ನು ಕರ್ನಲ್ ಮುಂಚಿತವಾಗಿಯೇ ತುಂಬಿರಬೇಕು. ಅಪಾಯವಿರುವುದು ಇಲ್ಲೇ. ಆರ್‌ಸಿಎಕ್ಸ್‌ನಲ್ಲಿ ಕ್ಯಾನಾನಿಕಲ್ ಅಲ್ಲದ (ಪ್ರೊಸೆಸರ್ ಒಪ್ಪುವ ರೂಪದಲ್ಲಿಲ್ಲದ) ವಿಳಾಸವಿದ್ದರೆ, ಇಂಟೆಲ್ ಪ್ರೊಸೆಸರ್ ಕರ್ನಲ್ ಮಟ್ಟದಿಂದ ಕೆಳಗಿಳಿಯುವ ಮೊದಲೇ ಫಾಲ್ಟ್ ಎಬ್ಬಿಸುತ್ತದೆ. ಅಷ್ಟರಲ್ಲಿ ಸ್ಟ್ಯಾಕ್ ಪಾಯಿಂಟರ್ ಬಳಕೆದಾರನ ಕೈಯಲ್ಲಿರುವುದರಿಂದ, ಅವನು ತೋರಿಸಿದ ಜಾಗದಲ್ಲೇ ಕರ್ನಲ್ ಅಧಿಕಾರದ ಬರಹ ನಡೆದುಹೋಗಬಹುದು. ಎಎಂಡಿ ಪ್ರೊಸೆಸರ್‌ಗಳಲ್ಲಿ ಈ ಫಾಲ್ಟ್ ಬಳಕೆದಾರ ಮಟ್ಟಕ್ಕೆ ಇಳಿದ ಮೇಲೆ ಬರುತ್ತದೆ. 2012ರಲ್ಲಿ ಬಯಲಾದ, ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2012-0217 ಎಂಬ ಸಂಖ್ಯೆಯದು ಇದೇ ದೋಷ. ಕ್ಸೆನ್ (ಒಂದೇ ಯಂತ್ರದಲ್ಲಿ ಹಲವು ಆಪರೇಟಿಂಗ್ ಸಿಸ್ಟಂ ನಡೆಸುವ ತಂತ್ರಾಂಶ), ಫ್ರೀಬಿಎಸ್‌ಡಿ ಮತ್ತು ವಿಂಡೋಸ್ ಆಪರೇಟಿಂಗ್ ಸಿಸ್ಟಂಗಳು, ಮೂರೂ ಇದಕ್ಕೆ ಸಿಕ್ಕಿಬಿದ್ದಿದ್ದವು.

ಪ್ರಶ್ನೆ ಕೇಳಿದವರು
ಧನ್ಯವಾದಗಳು ಸರ್. ಆದರೆ ಆರ್‌ಸಿಎಕ್ಸ್‌ಗೆ ವಿಳಾಸ ತುಂಬುವುದು ಕರ್ನಲ್ ಒಳಗೆ ಕರೆದೊಯ್ಯುವ ಸಿಸ್‌ಕಾಲ್ ಸೂಚನೆಯೇ ಅಲ್ಲವೇ? ಅದು ನಡುವೆ ಬದಲಾಗುವುದು ಹೇಗೆ?

ವಿಜಯನಗರದ ಓದುಗ
ಪಿಟ್ರೇಸ್ (ಒಂದು ಪ್ರಕ್ರಿಯೆ ಇನ್ನೊಂದನ್ನು ನಿಯಂತ್ರಿಸುವ ಸಿಸ್ಟಂ ಕಾಲ್) ಮೂಲಕ ಡಿಬಗ್ಗರ್ ಉಳಿಸಿಟ್ಟ ರಿಜಿಸ್ಟರ್‌ಗಳನ್ನು ತಿದ್ದಬಹುದು. ಸಿಗ್ನಲ್ ಹ್ಯಾಂಡ್ಲರ್ (ಪ್ರಕ್ರಿಯೆಗೆ ಬಂದ ಸೂಚನೆಗೆ ಸ್ಪಂದಿಸುವ ಕೋಡ್) ಮುಗಿದಾಗ ನಡೆಯುವ ಸಿಗ್‌ರಿಟರ್ನ್ ಎಂಬ ಸಿಸ್ಟಂ ಕಾಲ್ ಕೂಡ ಎಲ್ಲ ರಿಜಿಸ್ಟರ್‌ಗಳನ್ನೂ ಹಳೆಯ ಸ್ಥಿತಿಗೆ ತರುತ್ತದೆ. ಆಗ ಆರ್‌ಸಿಎಕ್ಸ್‌ನ ಮೌಲ್ಯವೂ ಮರಳುವ ವಿಳಾಸವೂ ಬೇರೆ ಬೇರೆಯಾಗಿರುವುದು ಸಹಜ, ಅವೆರಡನ್ನೂ ಉಳಿಸಿಕೊಳ್ಳುವುದು ಸಿಸ್‌ರೆಟ್‌ನಿಂದ ಆಗದ ಮಾತು. ಅದಕ್ಕೇ ಕರ್ನಲ್ ಅವೆರಡನ್ನೂ ಮೊದಲೇ ಹೋಲಿಸಿ ನೋಡುತ್ತದೆ; ಇಂಥ ಹೋಲಿಕೆಗಳ ಖರ್ಚು ಐರೆಟ್‌ನ ಮುಂದೆ ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು. ಮರಳುವ ಮುನ್ನ ಬಾಕಿ ಸಿಗ್ನಲ್ ಇದೆಯೇ, ಬೇರೆ ಪ್ರಕ್ರಿಯೆಗೆ ಸರದಿ ಬಿಡಬೇಕೇ ಎಂಬುದನ್ನು ಕರ್ನಲ್ ಇಂಟರಪ್ಟ್‌ಗಳನ್ನು ತಡೆದೇ ನೋಡುತ್ತದೆ. ಇಲ್ಲವಾದರೆ ನೋಡಿದ ಮರುಕ್ಷಣ ಬಂದ ಕೆಲಸ ಗಮನಕ್ಕೆ ಬಾರದೆ ಉಳಿಯುತ್ತದೆ. 2018ರಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ಭದ್ರತಾ ದೋಷ ಬಯಲಾದ ನಂತರ, ಆ ದೋಷವಿರುವ ಪ್ರೊಸೆಸರ್‌ಗಳಲ್ಲಿ ಹೊರಡುವಾಗ ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ನಕ್ಷೆ) ಬದಲಿಸುವ ಹೊರೆಯೂ ಸೇರಿತು. ನನ್ನ ಮಟ್ಟಿಗೆ, ಕರ್ನಲ್‌ಗೆ ಹೋಗದೇ ಇರುವುದೇ ದೊಡ್ಡ ಉಳಿತಾಯ: ಸಮಯ ಕೇಳುವ ಪುಟ್ಟ ಪ್ರೋಗ್ರಾಂ ಬರೆದು ಸ್ಟ್ರೇಸ್ (ಸಿಸ್ಟಂ ಕಾಲ್‌ಗಳನ್ನು ಪಟ್ಟಿ ಮಾಡುವ ಸಾಧನ) ಹಾಕಿ ನೋಡಿ, ವಿಡಿಎಸ್‌ಒ (ಕರ್ನಲ್‌ಗೆ ಹೋಗದೆಯೇ ಇಂಥ ಕರೆಗೆ ಉತ್ತರಿಸಲು ಕರ್ನಲ್ ಪ್ರೋಗ್ರಾಂಗೆ ಒದಗಿಸುವ ಕೋಡ್) ಇರುವ ಸಾಮಾನ್ಯ ಯಂತ್ರದಲ್ಲಿ ಆ ಕರೆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ.